ಸ್ಯಾನ್ ಮಟಿಯೋದಲ್ಲಿ ಕುರಿಗಳ ನಡುವೆ ಮಲಗಿದ್ದು

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಗೋಲ್ಡನ್ ಗೇಟ್ ಸೇತುವೆಯ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರವೂ ಒಂದು ಫೋಟೋ ಇದೆ, ಅಲ್ಲಿನ ಪೇಪರಿನಲ್ಲಿ ಬಂದದ್ದು. ಅದರಲ್ಲಿ ನಾನು ಭಾವಮೈದುನನ ಸೂಟು ಹಾಕಿಕೊಂಡು ನೆಲದ ಮೇಲೆ ಅಂಗಾತ ಮಲಗಿದ್ದೇನೆ. ಎಡಬಲಕ್ಕೆ ಗೊಂಬೆ ಕುರಿಗಳಿವೆ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವ ಕೆಲಸ ನನ್ನ ಹೆಂಡತಿ ಜಯಂತಿಯದು, ವಿವರಣೆ ಕೊಡುವ ಕರ್ಮ ನನ್ನದು. ಹೇಳಿ ಹೇಳಿ ಸಾಕಾಯಿತು. ಒಮ್ಮೆ ಬರೆದಿಟ್ಟರೆ ಓದಿಕೊಳ್ಳಿ ಅಂತ ಕೈಗೆ ಕೊಡಬಹುದಲ್ಲ ಅಂತ ಕೂತಿದ್ದೇನೆ.

ನಾನು ಮಂಗಳೂರಿನಲ್ಲಿ ಸರಕಾರಿ ದನದ ಡಾಕ್ಟರು. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಹೋಗುತ್ತವೆ, ಸರಕು ಸಾಗಿಸುವ ಮರದ ದೊಡ್ಡ ದೋಣಿಗಳು. ಅಕ್ಕಿ, ಈರುಳ್ಳಿ, ಜಲ್ಲಿಕಲ್ಲಿನ ಜೊತೆಗೆ ಆಡುಗಳೂ ಹೋಗುತ್ತವೆ. ಆ ಆಡುಗಳು ಸಮುದ್ರ ದಾಟಲು ತಕ್ಕವೋ ಅಲ್ಲವೋ ಅಂತ ನೋಡಿ ಸಹಿ ಹಾಕುವುದು ನನ್ನ ಕೆಲಸಗಳಲ್ಲಿ ಒಂದು. ಈ ಸಹಿಯೇ ನನ್ನನ್ನು ಅಮೆರಿಕಕ್ಕೆ ಕರೆದುಕೊಂಡು ಹೋಯಿತು ಅಂತ ಗೊತ್ತಾದದ್ದು ಅಲ್ಲಿಗೆ ಮುಟ್ಟಿದ ಮೇಲೆ.

ವಿಮಾನ ನಿಲ್ದಾಣ

ವಿಮಾನದಲ್ಲೇ ಕೈಗೊಂದು ಫಾರಂ ಬಂತು. ಇತ್ತೀಚೆಗೆ ಜಾನುವಾರುಗಳ ಸಮೀಪ ಇದ್ದಿರಾ ಅಂತ ಅದರಲ್ಲೊಂದು ಪ್ರಶ್ನೆ. ಪಕ್ಕದ ಸೀಟಿನ ಗುಜರಾತಿ ಅಜ್ಜಿ ತಮ್ಮ ಮನೆಯ ಎಮ್ಮೆಗಳ ಕಥೆಯನ್ನು ಸಿಂಗಾಪುರದಿಂದಲೂ ಹೇಳಿಕೊಂಡು ಬಂದವರು, ಆ ಪ್ರಶ್ನೆಗೆ ಮಾತ್ರ "ಇಲ್ಲ" ಅಂತ ಗೀಟೆಳೆದು ಕಣ್ಣು ಮುಚ್ಚಿಕೊಂಡರು. ಲೋಕ ಕಂಡವರು. ನಾನೋ ಸರಕಾರಿ ನೌಕರ. ಫಾರಂ ಕಂಡರೆ ನಮಗೆ ಭಯಭಕ್ತಿ. "ಹೌದು" ಅಂತ ಬರೆದೆ.

"ಎಷ್ಟು ಸಮೀಪ?" ಅಂತ ಕೇಳಿದ, ಇಳಿದ ಮೇಲೆ ಫಾರಂ ನೋಡಿದ ಅಧಿಕಾರಿ.

ಹೊರಡುವ ವಾರವಷ್ಟೇ ಒಂದು ದನದ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಕರುವನ್ನು ಎಳೆದು ತೆಗೆದಿದ್ದೆ. "ಭುಜದ ತನಕ" ಅಂದೆ, ತೋಳು ತೋರಿಸಿ. ಆತ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ.

ಆಮೇಲೆ ನನ್ನನ್ನು ಬೇರೆ ಸಾಲಿಗೆ ಕಳಿಸಿದರು. ಬೂಟು ಕಳಚಿಸಿ ತೊಳೆಯಲು ಒಯ್ದರು. ಜಯಂತಿ ಕಟ್ಟಿಕೊಟ್ಟಿದ್ದ ಒಣಸಿಗಡಿ ಪೊಟ್ಟಣವನ್ನು ಒಬ್ಬ ಹೆಂಗಸು ಮೂಸಿ ನೋಡಿ ಇನ್ನೊಬ್ಬರಿಗೆ ಮೂಸಲು ಕೊಟ್ಟಳು, ಆತ ಮತ್ತೊಬ್ಬರಿಗೆ. ಮೂಸದವರು ಯಾರೂ ಉಳಿಯಲಿಲ್ಲ. ಕಡೆಗೆ ಸಿಗಡಿಗೂ ನನಗೂ ಒಳಗೆ ಹೋಗಲು ಅಪ್ಪಣೆಯಾಯಿತು. ಬೂಟು ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗಿ ವಾಪಸು ಬಂತು. ನಾನು ಕಾಲುಚೀಲದಲ್ಲೇ ಹೊರಗೆ ಬಂದೆ. ಕಾದು ಕಾದು ಸುಸ್ತಾಗಿದ್ದ ಭಾವಮೈದುನ ಪ್ರಭಾಕರ ನನ್ನ ಕಾಲು ನೋಡಿದ.

"ಎಂತ ಭಾವ ಇದು, ದೇವಸ್ಥಾನಕ್ಕೆ ಬಂದವರ ಹಾಗೆ?"

ಸ್ಯಾನ್ ಮಟಿಯೋ

ಪ್ರಭಾಕರ ಜಯಂತಿಯ ತಮ್ಮ. ಅವನ ಹೆಂಡತಿ ವೀಣಾ ಬೆಂಗಳೂರಿನವಳು, ಹಾಗಾಗಿ ಮನೆಯಲ್ಲಿ ತುಳುವಿಗೆ ರಜೆ, ಕನ್ನಡವೇ ನಡೆಯುತ್ತದೆ. ಮಗಳು ಅನಘಾ ಹೈಸ್ಕೂಲಿನಲ್ಲಿ ಓದುವವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅಪಾರ್ಟ್‌ಮೆಂಟಿನ ಗೋಡೆಗಳು ಎಷ್ಟು ತೆಳ್ಳಗೆಂದರೆ, ಪಕ್ಕದ ಮನೆಯವನು ಸೀನಿದರೆ ನಾನು ಈಚೆಯಿಂದ "ಚಿರಂಜೀವಿ" ಅನ್ನುತ್ತಿದ್ದೆ.

ಮೊದಲ ದಿನ ಸತ್ಕಾರವೋ ಸತ್ಕಾರ. "ಅಣ್ಣ, ಇನ್ನೊಂದು ಹಾಕಲಾ?" ಅಂತ ವೀಣಾ ದೋಸೆ ಹಾಕಿದ್ದೇ ಹಾಕಿದ್ದು. ನನ್ನ ಮೇಲೆ ಇವರಿಗೆ ಎಷ್ಟು ಪ್ರೀತಿ, ಟಿಕೆಟ್ಟೂ ಕಳಿಸಿದರಲ್ಲ ಅಂತ ನಾನು ಉಬ್ಬಿ ಕೂತಿದ್ದೆ. ಕೊನೆಯ ದೋಸೆ ಬಾಯಲ್ಲಿದ್ದಾಗ ಪ್ರಭಾಕರ ಅಂದ, "ಭಾವ, ನಿಮ್ಮಿಂದ ಒಂದು ಸಣ್ಣ ಕೆಲಸ ಉಂಟು."

ಅವನ ಕಂಪನಿ ಕಂಪ್ಯೂಟರಿನಲ್ಲಿ ಕುರಿ ಮಾರುವ ಕಂಪನಿ. ತಮಾಷೆಯಲ್ಲ. ಡಾಟ್ ಕಾಮ್ ಅಂತ ಹೆಸರಿಟ್ಟರೆ, ಎರಡು ಸಾವಿರದ ಇಸವಿಯ ಆಸುಪಾಸಿನ ಆ ಕಾಲದಲ್ಲಿ, ಯಾವುದಕ್ಕೂ ದುಡ್ಡು ಹುಟ್ಟುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ದೂರ ದೇಶದ ಗಿರಾಕಿ ಮನೆಯಲ್ಲಿ ಕೂತು ಕುರಿ ಆರಿಸಬೇಕು, ಕುರಿ ಜೀವಂತ ಹಡಗು ಹತ್ತಿ ವಾರಗಟ್ಟಲೆ ಸಮುದ್ರದ ಮೇಲೆ ಹೋಗಬೇಕು. ಪ್ರತಿ ಕುರಿಯ ಕಿವಿಗೂ ಒಂದು ಎಲೆಕ್ಟ್ರಾನಿಕ್ ಚಿಪ್. ಕುರಿ ಬಿದ್ದು ಏಳದಿದ್ದರೆ ಅದು ಕಂಪ್ಯೂಟರಿಗೆ ಅಲರ್ಟು ಕಳಿಸುತ್ತದೆ. ಆ ಅಲರ್ಟಿನ ಪ್ರೋಗ್ರಾಮು ಬರೆದವನು ಪ್ರಭಾಕರ. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಭೇಷ್ ಅಂದೆ.

ಮರುದಿನ ಆಫೀಸಿಗೆ ಕರೆದುಕೊಂಡು ಹೋದ. ಅಲ್ಲಿ ಆಟದ ಮೇಜಿತ್ತು, ಬೇಕಾದಷ್ಟು ತಿಂಡಿ ಇತ್ತು, ಮೇಜುಗಳ ಕೆಳಗೆ ನಾಲ್ಕಾರು ನಾಯಿಗಳೂ ಮಲಗಿದ್ದವು. ಕುರಿಯನ್ನು ಮುಟ್ಟಿ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ. ಕುರಿಗೆ ಮೇಲ್ದವಡೆಯಲ್ಲಿ ಮುಂಭಾಗದ ಹಲ್ಲೇ ಇಲ್ಲ ಅಂತ ನಾನು ಅಂದಾಗ ಇಡೀ ಆಫೀಸು ಆಟ ನಿಲ್ಲಿಸಿ ಬಂದು ಕೇಳಿತು. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಮಾತಿಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ನಾನು ಸಂಜೆಯವರೆಗೂ ಮಾತಾಡಿದೆ.

ವಾಪಸು ಬರುವಾಗ ಫ್ರೀವೇಯಲ್ಲಿ ಪ್ರಭಾಕರ ಉಳಿದ ವಿಷಯ ಬಿಚ್ಚಿದ. ಊರಿನ ಪ್ರಾಣಿದಯೆಯ ಜನ ಕಂಪನಿಯ ವಿರುದ್ಧ ಎದ್ದಿದ್ದಾರೆ. ಹಣ ಹಾಕುವ ದೊಡ್ಡ ಮನುಷ್ಯ ಹೆದರಿದ್ದಾನೆ. ಎರಡೂ ಕಡೆಯವರ ಸಭೆ ಕರೆಯಿರಿ, ಇಂಥ ಸಾಗಾಟ ವರ್ಷಗಟ್ಟಲೆ ನೋಡಿದ ಡಾಕ್ಟರೊಬ್ಬ ಬಂದು ಸಹಿ ಹಾಕುತ್ತೇನೆ ಅಂದರೆ ದುಡ್ಡು ಕೊಡುತ್ತೇನೆ ಅಂದಿದ್ದಾನಂತೆ.

"ಕೊಡದಿದ್ದರೆ?"

"ಕಂಪನಿ ಮುಚ್ತದೆ. ನನ್ನ ವೀಸಾ ಕಂಪನಿಯದ್ದು ಭಾವ. ಅದು ಹೋದ್ರೆ ನಾವೂ ಹೋದ ಹಾಗೆ. ಗ್ರೀನ್ ಕಾರ್ಡಿನ ಅರ್ಜಿ ಅರ್ಧಕ್ಕೆ ನಿಂತಿದೆ. ಬೇರೆ ಕೆಲಸ ಅಂದ್ರೆ, ಈಗ ದಿನಾ ಒಂದೊಂದು ಆಫೀಸು ಬಾಗಿಲು ಹಾಕ್ತಾ ಉಂಟು. ಅನಘಾ ಇಲ್ಲೇ ಬೆಳೆದವಳು, ಅವಳನ್ನು ಎಲ್ಲಿಗೆ ಅಂತ ಕೀಳುವುದು?"

ನಿನ್ನೆಯ ದೋಸೆಗಳ ಬೆಲೆ ಆಗ ಗೊತ್ತಾಯಿತು. ಇಷ್ಟಕ್ಕೂ ಕೇಳಿದ್ದೇನು, ಒಂದು "ಹೌದು" ತಾನೆ. ಉಪ್ಪು ತಿಂದ ಮನೆ. "ಅದಕ್ಕೆಂತ ಮಾರಾಯ, ಮಾಡುವ" ಅಂದೆ.

ಸಾಸಲಿಟೋಗೆ ಹೋಗುವ ಫೆರ್ರಿ

ಸಭೆಗೆ ಮೊದಲು ಊರು ತೋರಿಸಬೇಕಲ್ಲ. ಭಾನುವಾರ ಅನಘಾಳೂ ನಾನೂ ಕೊಲ್ಲಿಯಾಚೆಯ ಸಾಸಲಿಟೋಗೆ ಜನರನ್ನು ದಾಟಿಸುವ ಫೆರ್ರಿ ದೋಣಿ ಹತ್ತಿದೆವು. ಕೊಲ್ಲಿಯ ನೀರು ನೋಡಲು ನಮ್ಮ ಅಳಿವೆಯ ಹಾಗೆ ಸಾಧು. ನಾನು ಕಟಾಂಜನ ಹಿಡಿದು ನಿಂತು, ಮಂಜಿ, ಆಡು, ಬಂದರು ಅಂತ ಅವಳಿಗೆ ನನ್ನ ಸಾಹಸಗಳನ್ನು ಹೇಳತೊಡಗಿದೆ.

"ಮಾವ, ನೀವು ಎಷ್ಟು ಸಲ ಅವುಗಳ ಜೊತೆ ಹೋಗಿದ್ದೀರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಜೊತೆ ಅಂದರೆ?"

"ಬೋಟಿನಲ್ಲಿ."

ಬೋಟಿನಲ್ಲಿ ನಾನು ಯಾಕೆ ಹೋಗಬೇಕು? ನಾನು ಬಂದರಿನ ಧಕ್ಕೆಯ ಕಟ್ಟೆ ಮೇಲೆ ನಿಂತು ನೋಡುವವನು. ಹಲಗೆ ದಾಟಿ ಒಳಗೆ ಇಣುಕಿ ಬರುವುದುಂಟು, ಹಗ್ಗ ಬಿಚ್ಚುವ ಮೊದಲು ಇಳಿದುಬಿಡುತ್ತೇನೆ. ಇದನ್ನು ಗಂಭೀರವಾಗಿ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಫೆರ್ರಿ ಗೋಲ್ಡನ್ ಗೇಟ್ ಸೇತುವೆಯ ಕಡೆಯಿಂದ ಬಂದ ಅಲೆಗೆ ಸಿಕ್ಕಿ ಒಂದು ಸಲ ಎದ್ದು ಬಿತ್ತು. ಮಾತಿನ ಬದಲು ವೀಣಾ ಮಾಡಿದ ಉಪ್ಪಿಟ್ಟು ಬಂತು.

ಕಡಲ ತಡಿಯಲ್ಲಿ ಹುಟ್ಟಿದವನು, ಬಂದರಿನ ಡಾಕ್ಟರು, ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಾ ಹೋಗುವ ದೋಣಿಯಲ್ಲಿ ಕಟಾಂಜನಕ್ಕೆ ನೇತುಬಿದ್ದಿದ್ದೆ. ಆಗ ಒಬ್ಬ ಹಿರಿಯ ಹೆಂಗಸು ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಬಂದಳು. ಒಳಗೆ ಸ್ವೆಟರು ಹಾಕಿದ ನಾಯಿ. ಹೆಸರು ಮಫಿನ್. ನಮ್ಮಲ್ಲಿ ನಾಯಿ ಮನುಷ್ಯರನ್ನು ಅಟ್ಟಿಸಿಕೊಂಡು ಬರುತ್ತದೆ, ಅಲ್ಲಿ ಮನುಷ್ಯರು ನಾಯಿಯನ್ನು ಗಾಡಿಯಲ್ಲಿ ಕೂರಿಸಿ ಗಾಳಿಗೆ ಕರೆತರುತ್ತಾರೆ. ಆಕೆ ಪರ್ಸಿನಿಂದ ಒಂದು ಮಾತ್ರೆ ತೆಗೆದು, "ಇದು ಮಫಿನ್‌ನದು, ಬೇಜಾರಿಲ್ಲ ತಾನೆ?" ಅಂದಳು.

ಔಷಧಿಯ ಹೆಸರು ನೋಡಿದೆ. ನಾನೇ ಎಷ್ಟೋ ನಾಯಿಗಳಿಗೆ ಬರೆದುಕೊಟ್ಟದ್ದು, ಮನುಷ್ಯರಿಗೂ ಆಗುತ್ತದೆ. ಮಫಿನ್‌ನ ತೂಕ ಅಂದಾಜು ಮಾಡಿ, ನನ್ನ ತೂಕಕ್ಕೆ ಲೆಕ್ಕ ಹಾಕಿ, "ಇನ್ನೂ ಎರಡು ಕೊಡಿ" ಅಂದೆ. ಆಕೆಯ ಹೆಸರು ಡೊರೊತಿ. ನಾನು ಯಾಕೆ ಬಂದಿದ್ದೇನೆ ಅಂತ ಅನಘಾ ಹೇಳಿದ ಕೂಡಲೇ ಆಕೆಯ ಮುಖ ಬದಲಾಯಿತು. ಕಂಪನಿಯ ವಿರುದ್ಧ ಎದ್ದವರಲ್ಲಿ ಆಕೆಯೇ ಮುಂದಾಳು. ಆದರೂ ಮಾತ್ರೆ ವಾಪಸು ಕೇಳಲಿಲ್ಲ, ಅದು ದೊಡ್ಡತನ.

ಬಾಡಿಗೆ ಹಾಲ್

ಸಭೆಯ ದಿನ ಪ್ರಭಾಕರನ ಸೂಟು ಹಾಕಿದೆ. ಅವನು ಸಣಕಲ, ನಾನು ಜಯಂತಿಯ ಕೈಯಡುಗೆ ತಿಂದವನು. ಗುಂಡಿ ಹಾಕಿದರೆ ಉಸಿರಿಲ್ಲ, ಬಿಚ್ಚಿದರೆ ಮಾನವಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ "ಯೆಸ್, ಐ ವುಡ್ ಸೈನ್" ಅಂತ ಹಲವು ಸಲ ಅಭ್ಯಾಸ ಮಾಡಿಕೊಂಡೆ.

ಹಾಲ್‌ನ ನಡುವೆ ಕಂಪನಿಯವರು ನೀಲಿ ಟೇಪಿನಿಂದ ನೆಲದ ಮೇಲೆ ಹಡಗಿನ ಒಂದು ದೊಡ್ಡಿಯನ್ನು ಗುರುತು ಮಾಡಿದ್ದರು, ನಿಜವಾದ ಅಳತೆಗೆ. ಒಳಗೆ ಕುರಿ ಗಾತ್ರದ ಗೊಂಬೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಒಂದು ಕಡೆ ಕಂಪನಿಯ ಹುಡುಗರು, ಇನ್ನೊಂದು ಕಡೆ ಡೊರೊತಿಯ ಪಡೆ. ಹಣ ಹಾಕುವ ಬಿಳಿಗಡ್ಡದವನು ಮುಂದಿನ ಸಾಲಿನಲ್ಲಿ ಕೂತಿದ್ದ.

ಡೊರೊತಿ ಚೆನ್ನಾಗಿ ಮಾತಾಡಿದಳು. ಸೆಕೆ, ಉಚ್ಚೆಯ ಘಾಟು, ಅಲೆಗೆ ಕಾಲು ಜಾರಿ ಬಿದ್ದ ಕುರಿಯನ್ನು ಉಳಿದವು ತುಳಿಯುವುದು, ಹೊಸ ಮೇವು ಮುಟ್ಟದೆ ಉಪವಾಸ ಬೀಳುವುದು, ಎಲ್ಲ ಹೇಳಿದಳು. ಒಂದೂ ಸುಳ್ಳಲ್ಲ. "ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಇಲ್ಲೇ ಕೊಂದು ಮಾಂಸ ಕಳಿಸಿ" ಅಂದಳು. ಸ್ವೆಟರು ಹಾಕಿದ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಅಷ್ಟು ಸಲೀಸಾಗಿ ಕೊಲ್ಲುವ ಮಾತಾಡಿದ್ದು ನನಗೆ ಸ್ವಲ್ಪ ಗಲಿಬಿಲಿ. ಕಂಪನಿಯ ಯಜಮಾನ ಹುಡುಗ ಎದ್ದು, ಶೀತಲಪೆಟ್ಟಿಗೆ ಇಲ್ಲದ ಊರುಗಳುಂಟು, ಹಬ್ಬಕ್ಕೆ ಜೀವಂತ ಪ್ರಾಣಿಯೇ ಬೇಕಾದ ಜನರುಂಟು ಅಂದ. ಅದೂ ಸುಳ್ಳಲ್ಲ. ಕರೆಂಟು ಕೈಕೊಡುವ ದ್ವೀಪಕ್ಕೆ ನಮ್ಮ ಬಂದರಿನಿಂದ ಆಡು ಜೀವಂತವಾಗಿಯೇ ಹೋಗುವುದು ಅದಕ್ಕೇ. ಇಬ್ಬರ ಮಾತಿಗೂ ನಾನು ತಲೆದೂಗುತ್ತಾ ಕೂತಿದ್ದೆ, ಹಾಗಾಗಿ ಎರಡೂ ಪಡೆಯವರು ನನ್ನನ್ನು ಅನುಮಾನದಿಂದ ನೋಡಿದರು.

ನನ್ನ ಸರದಿ ಬಂತು. "ಡಾಕ್ಟರೇ, ನೀವಾಗಿದ್ದರೆ ಈ ಹಡಗಿಗೆ ಸಹಿ ಹಾಕುತ್ತಿದ್ದಿರಾ?" ಅಂತ ಬಿಳಿಗಡ್ಡದವನು ಕೇಳಿದ.

ಅಭ್ಯಾಸ ಮಾಡಿದ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಕಾಲು ತನ್ನಷ್ಟಕ್ಕೆ ಆ ದೊಡ್ಡಿಯ ಹತ್ತಿರ ಹೋಯಿತು, ಬಾಯಿ ತನ್ನಷ್ಟಕ್ಕೆ, "ಚಾಪೆ ಎಲ್ಲಿ?" ಅಂದಿತು.

ಇದು ನಮ್ಮ ಬಂದರಿನ ಕ್ರಮ. ನನಗಿಂತ ಮೊದಲಿದ್ದ ಡಾಕ್ಟರು ಕಲಿಸಿದ್ದು. ಆಡು ಹೇರಿದ ಮಂಜಿಯಲ್ಲಿ ಅವುಗಳನ್ನು ನೋಡಿಕೊಳ್ಳಲು ಒಬ್ಬ ಆಳು ಇರಬೇಕು. ಅವನು ಆಡುಗಳ ನಡುವೆಯೇ ಚಾಪೆ ಹಾಸಿ, ಮಲಗಿ, ಎದ್ದು ತೋರಿಸಬೇಕು. ಮನುಷ್ಯ ಮಲಗಿ ಉಸಿರಾಡುವ ಜಾಗದಲ್ಲಿ ಆಡೂ ಉಸಿರಾಡುತ್ತದೆ, ಒಂದು ಬಿದ್ದರೆ ಎತ್ತಲು ಕೈ ಹತ್ತಿರವೇ ಇರುತ್ತದೆ. ಚಾಪೆ ಕಂಡರೆ ಸಹಿ, ಇಲ್ಲದಿದ್ದರೆ ನಾಲ್ಕು ಆಡು ಇಳಿಸಿ ಜಾಗ ಮಾಡು.

ನಾನು ಕನ್ನಡದಲ್ಲೇ ವಿವರಿಸಿದ ಇದನ್ನು ಪ್ರಭಾಕರ ಇಂಗ್ಲಿಷಿನಲ್ಲಿ ಹೇಳಿದ. ಯಜಮಾನ ಹುಡುಗ ನಕ್ಕ. ಮನುಷ್ಯರ ಅಗತ್ಯವೇ ಇಲ್ಲವಂತೆ, ಅದೇ ಹೊಸತನವಂತೆ. ಹಡಗು ನಡೆಸುವವರು ಮೇಲೆ ಇರುತ್ತಾರೆ, ಮೇವು ನೀರು ಯಂತ್ರದಿಂದ, ಕುರಿ ಬಿದ್ದರೆ ಅಲರ್ಟು.

"ಅಲರ್ಟು ಯಾರಿಗೆ ಬರುತ್ತದೆ?"

"ನಮ್ಮ ಆಫೀಸಿಗೆ."

"ಆಫೀಸು ಎಲ್ಲಿ?"

"ಇಲ್ಲೇ, ಸ್ಯಾನ್ ಮಟಿಯೋದಲ್ಲಿ."

ಸಭೆಯಲ್ಲಿ ನಗೆ ಎದ್ದಿತು. ಪ್ರಭಾಕರನ ಮುಖ ಸಣ್ಣಗಾಯಿತು. ನನಗೆ ಗಾಬರಿ. ಹಾಳು ಮಾಡಲು ನಾನು ಬಂದವನಲ್ಲ. ಒಂದು ಚಾಪೆಯ ಜಾಗ ಇಲ್ಲಿ ಸಿಕ್ಕರೆ ಸಾಕು, ಒಬ್ಬ ಆಳು ಹಾಕಿ, ಸಹಿ ಹಾಕುತ್ತೇನೆ ಅನ್ನಬಹುದು, ಇವನ ವೀಸಾ ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ. ಜಾಗ ಉಂಟೋ ಅಂತ ನೋಡಲು ಟೇಪು ದಾಟಿ, ಎರಡು ಕುರಿಗಳ ನಡುವೆ ನುಗ್ಗಿ ಮಲಗಿಬಿಟ್ಟೆ.

ಜಾಗ ಇರಲಿಲ್ಲ. ಭುಜ ಒಂದು ಕುರಿಗೆ ಒತ್ತಿತು, ಮೊಣಕಾಲು ಇನ್ನೊಂದಕ್ಕೆ. ಮಗ್ಗುಲಾಗಲು ಹೋದೆ, ಸೂಟಿನ ಬೆನ್ನು ಪರ್ರೆಂದು ಹರಿಯಿತು. ಏಳಲು ಹೋದೆ, ಆಗಲಿಲ್ಲ.

ಆಗ ಯಾರೋ ಚಪ್ಪಾಳೆ ತಟ್ಟಿದರು. ಡೊರೊತಿ ಎದ್ದು ಬಂದು, ಮಫಿನ್‌ನನ್ನು ಪಕ್ಕಕ್ಕಿಟ್ಟು, ಟೇಪಿನ ಹೊರಗೆ ನನ್ನ ಹಾಗೆಯೇ ಅಂಗಾತ ಮಲಗಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬ, ನೋಡನೋಡುತ್ತಾ ಅರ್ಧ ಸಭೆ ನೆಲದ ಮೇಲೆ. ನಮ್ಮಲ್ಲಿ ಧರಣಿ ಅಂದರೆ ಕೂರುತ್ತಾರೆ, ಅಲ್ಲಿ ಮಲಗುತ್ತಾರಂತೆ. ಅದು ನನಗೇನು ಗೊತ್ತು? ಅಳತೆ ನೋಡಲು ಮಲಗಿದವನು ಚಳವಳಿಯ ನಾಯಕನಾಗಿದ್ದೆ. ಪೇಪರಿನವನು ಫೋಟೋ ಹೊಡೆದ.

ಬಿಳಿಗಡ್ಡದವನು ಮಾತ್ರ ನಗಲಿಲ್ಲ. ನನ್ನ ಮೇಲೆ ಬಗ್ಗಿ ನಿಂತು ಮತ್ತೆ ಕೇಳಿದ, "ಸಹಿ ಹಾಕುತ್ತೀರಾ?"

ಅವನ ಹಿಂದೆ ಪ್ರಭಾಕರ ನಿಂತಿದ್ದ. ಕೈಕಟ್ಟಿಕೊಂಡು, ಶಾಲೆಯಲ್ಲಿ ಫಲಿತಾಂಶ ಓದುವಾಗ ನಿಲ್ಲುವ ಹಾಗೆ. ಅತ್ತ ದರಿ, ಇತ್ತ ಪುಲಿ. ಮಲಗಿದಲ್ಲಿಂದಲೇ ಹೌದು ಅನ್ನಬಹುದಿತ್ತು. ದೂರದ ಸಮುದ್ರ, ಯಾರದೋ ಕುರಿ, ನೋಡುವವರು ಯಾರು? ಆದರೆ ಬೆನ್ನ ಕೆಳಗೆ ನೆಲ ಇತ್ತು, ಕೈಯಾಡಿಸಲು ಜಾಗ ಇರಲಿಲ್ಲ, ಅದು ನನಗೆ ಆಗ ಗೊತ್ತಾಗುತ್ತಲೇ ಇತ್ತು.

"ಇಲ್ಲ" ಅಂದೆ. "ಇಲ್ಲೊಬ್ಬ ಮನುಷ್ಯ ಮಲಗುವ ತನಕ ಇಲ್ಲ."

"ವಾರಗಟ್ಟಲೆ ಕುರಿಗಳ ನಡುವೆ ಮಲಗಲು ಯಾರು ಬರುತ್ತಾರೆ?" ಅಂತ ಯಜಮಾನ ಹುಡುಗ ಸಿಟ್ಟಿನಿಂದ ಸುತ್ತ ನೋಡಿದ. ಕಂಪನಿಯವರು ಯಾರೂ ಕೈಯೆತ್ತಲಿಲ್ಲ. ನೆಲದ ಮೇಲೆ ಮಲಗಿದವರೂ ಎತ್ತಲಿಲ್ಲ. ಸಭೆ ನೋಡಲು ಬಂದಿದ್ದ ಅನಘಾ ನನ್ನನ್ನು ನೋಡಿದಳು. ಫೆರ್ರಿಯಲ್ಲಿ ನನ್ನನ್ನು ಕಂಡವಳು ಅವಳು, ನಾನು ಮುಖ ಕುರಿಯ ಕಡೆಗೆ ತಿರುಗಿಸಿದೆ.

ಹಿಂದಿರುಗುವ ವಿಮಾನ

ದುಡ್ಡು ಬರಲಿಲ್ಲ. ಕಂಪನಿ ಬಾಗಿಲು ಹಾಕಿತು. ಪ್ರಭಾಕರ ಬೆಳಗಾದರೆ ಫೋನು ಹಿಡಿದು ಕೂರುತ್ತಿದ್ದ. ಸಾಂತಾ ಕ್ಲಾರಾದಿಂದ ಓಕ್‌ಲ್ಯಾಂಡ್ ತನಕ ಎಲ್ಲರದೂ ಒಂದೇ ಉತ್ತರ, ಈಗ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ. ಕಡೆಗೆ ವಕೀಲ, ಹೊರಡುವುದೇ ವಾಸಿ ಅಂದ. ಪ್ರಭಾಕರ ನನ್ನ ಜೊತೆ ಮೊದಲು ಬರುವುದು, ಮನೆ ಖಾಲಿ ಮಾಡಿ ವೀಣಾ, ಅನಘಾ ಹಿಂದಿನಿಂದ ಬರುವುದು ಅಂತ ತೀರ್ಮಾನವಾಯಿತು.

ಆ ಮನೆಯಲ್ಲಿ ಉಳಿದ ದಿನಗಳು ನನಗೆ ಬೇಡ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ವೀಣಾ ಮೊದಲಿನ ಹಾಗೆಯೇ ದೋಸೆ ಹಾಕಿದಳು, "ಇನ್ನೊಂದು ಹಾಕಲಾ" ಅಂತ ಮಾತ್ರ ಕೇಳಲಿಲ್ಲ. ಪ್ರಭಾಕರ ನನ್ನ ಜೊತೆ ಮಾತು ಬಿಟ್ಟ. ನಾನು ಸೂಟು ಹೊಲಿಸಿಕೊಡುತ್ತೇನೆ ಅಂದದ್ದಕ್ಕೂ ಉತ್ತರ ಬರಲಿಲ್ಲ.

ಏರ್‌ಪೋರ್ಟಿನಲ್ಲಿ ಅನಘಾ ನನ್ನ ಹತ್ತಿರ ಬಂದಳು. ಒಂದೊಂದೇ ಶಬ್ದ ಹುಡುಕಿ, ಪೂರ್ತಿ ಕನ್ನಡದಲ್ಲೇ ಹೇಳಿದಳು, "ಮಾವ, ನೀವು ಹೇಳಿದ್ದು ಸರಿ. ಆದ್ರೂ ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು." ನಾನು ಅವಳ ತಲೆ ಸವರಿದೆ. ಅವಳ ಶಾಲೆ, ಗೆಳತಿಯರು, ಅವಳದೇ ಊರು. ಸಿಟ್ಟು ಬರದಿರಲು ಅವಳೇನು ಸನ್ಯಾಸಿಯೇ?

ವಿಮಾನ ಹತ್ತಿದ ಮೇಲೂ ಪ್ರಭಾಕರ ಮಾತಾಡಲಿಲ್ಲ. ನನಗೂ ಕಿಟಕಿಯ ಪಕ್ಕದ ಒಬ್ಬ ದಡೂತಿ ಮನುಷ್ಯನಿಗೂ ನಡುವೆ ಮುದುರಿ ಕೂತಿದ್ದ. ಊಟದ ತಟ್ಟೆ ಬಂತು, ಮುಚ್ಚಳ ತೆಗೆಯದೆ ವಾಪಸು ಕೊಟ್ಟ. ಇನ್ನೊಂದು ಬಂತು, ಅದನ್ನೂ ಕೊಟ್ಟ. ಜಯಂತಿ ಎತ್ತಿ ಆಡಿಸಿದ ತಮ್ಮ ಇವನು. ವೀಣಾ ಕಟ್ಟಿಕೊಟ್ಟ ಡಬ್ಬಿ ತೆರೆದು, ಚಪಾತಿಯಲ್ಲಿ ಪಲ್ಯ ಸುತ್ತಿ ಅವನ ಮುಂದೆ ಹಿಡಿದೆ. ಹಿಡಿದ ಕೈ ಸೋಲುವ ತನಕ ಅವನು ಅದನ್ನು ನೋಡುತ್ತಾ ಇದ್ದ. ಆಮೇಲೆ ತೆಗೆದುಕೊಂಡ.

"ಅಕ್ಕನಿಗೆ ಯಾರು ಹೇಳುವುದು?" ಅಂದ.

"ನಾನೇ ಹೇಳ್ತೇನೆ. ನಿನ್ನ ತಮ್ಮನ ಅನ್ನಕ್ಕೆ ಕಲ್ಲು ಹಾಕಿ ಬಂದೆ ಅಂತ."

ಅವನು ಒಂದು ತುತ್ತು ಕಚ್ಚಿದ. "ಆ ಅಲರ್ಟು ಬರುವುದು ಯಾರ ಪೇಜರಿಗೆ ಅಂತ ಗೊತ್ತುಂಟಾ ಭಾವ? ನನ್ನದಕ್ಕೆ. ಕುರಿ ನಡುಸಮುದ್ರದಲ್ಲಿ, ನಾನು ಸ್ಯಾನ್ ಮಟಿಯೋದಲ್ಲಿ. ಬಂದ್ರೆ ನಾನೆಂತ ಮಾಡ್ಲಿಕ್ಕಿತ್ತು?"

ಅವನು ಚಪಾತಿಯ ಕೊನೆಯ ತುಂಡು ಬಾಯಿಗೆ ಹಾಕಿಕೊಂಡ.

"ಆ ಅಲರ್ಟು ಕೂಗದ ಹಾಗೆ ಮಾಡುವ ಬಟನ್ನೂ ನಾನೇ ಇಟ್ಟಿದ್ದೆ" ಅಂದ. "ಎಲ್ಲಕ್ಕಿಂತ ಮೊದಲು ಬರೆದದ್ದು ಅದನ್ನೇ."

ಡಬ್ಬಿಯಲ್ಲಿ ಇನ್ನೊಂದು ಚಪಾತಿ ಇತ್ತು, ಅದಕ್ಕೂ ಪಲ್ಯ ಸುತ್ತಿ ಕೊಟ್ಟೆ. ತಿಂದ.